ನ್ಯಾಲ್ಕಲ್ ಸೀಮೆಯ ಬಾಡಿಗೆ ವಾಹನ: ಎಫ್‌ಸಿ ಮತ್ತು ಪರ್ಮಿಟ್ ರದ್ದತಿಯ ಇತಿಹಾಸ

ತಪಾಸಣೆಯ ಆಧಾರದ ಮೇಲೆ ಬಾಡಿಗೆ ಗಾಡಿಯ ಲೈಸೆನ್ಸ್ ಕೊಡುವ, ತಪ್ಪಿದರೆ ಹಿಂತೆಗೆದುಕೊಳ್ಳುವ ಪದ್ಧತಿ ಮೋಟಾರಿಗಿಂತ ಹಳೆಯದು. ಬ್ರಿಟಿಷ್ ಇಂಡಿಯಾದಲ್ಲಿ 1879ರ ಹ್ಯಾಕ್ನಿ ಕ್ಯಾರೇಜ್ ಕಾಯ್ದೆ ಕುದುರೆ ಗಾಡಿಗಳ ಲೈಸೆನ್ಸಿಗೆ ನಿಯಮ ಮಾಡುವ ಅಧಿಕಾರವನ್ನು ಪುರಸಭೆಗಳಿಗೆ ಕೊಟ್ಟಿತು. 1906ರಲ್ಲಿ ಲಂಡನ್ ಪೊಲೀಸರು ಟ್ಯಾಕ್ಸಿಗಳು ರಸ್ತೆಗಿಳಿಯಲು ಪೂರೈಸಬೇಕಾದ ಷರತ್ತುಗಳನ್ನು ಗೊತ್ತುಮಾಡಿದರು. ಕಾಸು ಕೊಟ್ಟು ಹತ್ತುವವನಿಗೆ ಗಾಡಿಯ ಬ್ರೇಕು, ಚಕ್ರ ಪರೀಕ್ಷಿಸುವ ಅವಕಾಶವಿಲ್ಲ. ಅವನ ಪರವಾಗಿ ಸರ್ಕಾರ ಪರೀಕ್ಷಿಸಬೇಕು ಎಂಬುದು ಈ ನಿಯಮಗಳ ತಳಹದಿ.

ಇಂದಿನ ತೆಲಂಗಾಣದ ಗಡಿಯಲ್ಲಿರುವ ನ್ಯಾಲ್ಕಲ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ತಾಂಡೂರಿನ ಮೂಲಕ ಹಾದುಹೋಗುವ ವಾಡಿ–ಸಿಕಂದರಾಬಾದ್ ರೈಲು ಮಾರ್ಗ 1874ರಲ್ಲೇ ತೆರೆದಿತ್ತು. ಸ್ಟೇಷನ್ನಿನಿಂದ ಹಳ್ಳಿಗೆ ಹೋಗಲು ಎತ್ತಿನ ಗಾಡಿ, ಟಾಂಗಾಗಳೇ ಗತಿ. 1932ರಲ್ಲಿ ಸಂಸ್ಥಾನದ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳೊಂದಿಗೆ ಆರಂಭವಾಯಿತು. ಬ್ರಿಟಿಷ್ ಇಂಡಿಯಾದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂದಿತು. ಅದರ 38ನೇ ಕಲಮು ಬಾಡಿಗೆ ವಾಹನಕ್ಕೆ ಯೋಗ್ಯತಾ ಪತ್ರವನ್ನು ಕಡ್ಡಾಯ ಮಾಡಿತು. 60ನೇ ಕಲಮು ಪರ್ಮಿಟ್ಟನ್ನು ಅಮಾನತಿನಲ್ಲಿಡುವ, ರದ್ದುಮಾಡುವ ಅಧಿಕಾರ ಕೊಟ್ಟಿತು. ಹೈದರಾಬಾದ್ ಭಾರತದಲ್ಲಿ ವಿಲೀನವಾದ ಮೇಲೆ ಈ ಸೀಮೆಗೂ ಅದೇ ಕಾನೂನು ಬಂದಿತು.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಇಲ್ಲಿನ ಓಡಾಟದ ಲೆಕ್ಕವನ್ನೇ ಬದಲಿಸಿತು. ಬೀದರ್ ತಾಲ್ಲೂಕಿನ ನ್ಯಾಲ್ಕಲ್ ವೃತ್ತ, ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ನಾರಾಯಣಖೇಡ ತಾಲ್ಲೂಕು ಹಾಗೂ ಗುಲ್ಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ್, ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಸೇರಿದವು. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಬೀದರಿಗೆ ಹೋಗುತ್ತಿದ್ದ ಕನ್ನಡ ಹಳ್ಳಿಗಳಿಗೂ ಬೀದರಿಗೂ ನಡುವೆ ರಾಜ್ಯದ ಗಡಿ ಬಿದ್ದಿತು. ನ್ಯಾಲ್ಕಲ್‌ಗೆ ಇಂದಿಗೂ ಜಿಲ್ಲಾ ಕೇಂದ್ರ ಸಂಗಾರೆಡ್ಡಿಗಿಂತ ಬೀದರೇ ಹತ್ತಿರ.

ಬಾಡಿಗೆ ಜೀಪು, ಕಾರು, ಆಟೋಗಳು ಹೆಚ್ಚಿದ್ದು ಮುಂದಿನ ದಶಕಗಳಲ್ಲಿ.

1989ರ ಜುಲೈ 1ರಂದು ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯ್ದೆ ಈಗಿನ ಚೌಕಟ್ಟನ್ನು ಕೊಟ್ಟಿತು. ಅದರ 56ನೇ ಕಲಮಿನಂತೆ ಯೋಗ್ಯತಾ ಪತ್ರವಿಲ್ಲದ ಬಾಡಿಗೆ ವಾಹನದ ನೋಂದಣಿಯೇ ಊರ್ಜಿತವಲ್ಲ. ಜನ ಈ ಪತ್ರವನ್ನು ಎಫ್‌ಸಿ ಎನ್ನುತ್ತಾರೆ. ಪರೀಕ್ಷಿಸುವ ಮೋಟಾರು ವಾಹನ ನಿರೀಕ್ಷಕರು ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. ಬ್ರೇಕು, ಸ್ಟೀರಿಂಗು, ಹೆಡ್‌ಲೈಟು, ಹಾರ್ನು, ವೈಪರು, ಹೊಗೆ ಇವೆಲ್ಲ ಪರೀಕ್ಷೆಗೆ ಒಳಪಡುತ್ತವೆ. ಮೊದಲು ಹೊಸ ವಾಹನಕ್ಕೆ ಎರಡು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕಿತ್ತು. 2018ರ ತಿದ್ದುಪಡಿಯ ನಂತರ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ಎಂದಾಯಿತು.

ತಪ್ಪಿದರೆ ಏನಾಗುತ್ತದೆ ಎಂಬುದೂ ಕಾಯ್ದೆಯಲ್ಲಿ ಸ್ಪಷ್ಟವಿದೆ. ವಾಹನ ನಿಯಮಕ್ಕೆ ತಕ್ಕಂತಿಲ್ಲವೆಂದು ಅಧಿಕಾರಿಗೆ ಮನವರಿಕೆಯಾದರೆ, ಕಾರಣ ಬರೆದು ಎಫ್‌ಸಿ ರದ್ದುಮಾಡಬಹುದು. ಹೊಸ ಪತ್ರ ಸಿಗುವವರೆಗೆ ನೋಂದಣಿ, ಪರ್ಮಿಟ್ ಎರಡೂ ಅಮಾನತಿನಲ್ಲಿರುತ್ತವೆ. ಊರ್ಜಿತ ಎಫ್‌ಸಿ ಇರಬೇಕೆಂಬುದು 84ನೇ ಕಲಮಿನಂತೆ ಪ್ರತಿ ಪರ್ಮಿಟ್ಟಿನ ಷರತ್ತು. ಷರತ್ತು ಮುರಿದರೆ 86ನೇ ಕಲಮಿನಡಿ ಪರ್ಮಿಟ್ಟನ್ನೇ ರದ್ದುಮಾಡಬಹುದು. ಆದರೆ ಅದಕ್ಕೆ ಮೊದಲು ಮಾಲೀಕನಿಗೆ ಉತ್ತರ ಹೇಳುವ ಅವಕಾಶ ಕೊಡಲೇಬೇಕು. ಆದೇಶದ ಮೇಲೆ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಚಾಲಕನ ಡ್ರೈವಿಂಗ್ ಲೈಸೆನ್ಸಿನ ವಿಷಯ ಬೇರೆ: ಅದನ್ನು ರದ್ದುಪಡಿಸಲು 19ನೇ ಕಲಮಿನಂತೆ ಅವನ ನಡವಳಿಕೆಯನ್ನು ನೋಡಬೇಕು. ಸ್ವಂತ ಗಾಡಿ ಓಡಿಸುವ ಬಡ ಚಾಲಕನಿಗಾದರೋ ಪರ್ಮಿಟ್ ಹೋದರೆ ದುಡಿಮೆಯೇ ಹೋದಂತೆ.

ಗಡಿ ಸೀಮೆಯ ಮಟ್ಟಿಗೆ ಈ ಕಾಯ್ದೆಯಲ್ಲಿ ಪರ್ಮಿಟ್ಟಿಗೂ ಎಫ್‌ಸಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸಂಗಾರೆಡ್ಡಿಯಲ್ಲಿ ಪಡೆದ ಸಾಮಾನ್ಯ ಟ್ಯಾಕ್ಸಿ ಪರ್ಮಿಟ್ ಬೀದರಿನಲ್ಲಿ ತಾನಾಗಿ ಸಲ್ಲುವುದಿಲ್ಲ; ಆಚೆ ರಾಜ್ಯದ ಮೇಲುರುಜು, ವಿಶೇಷ ಪರ್ಮಿಟ್ ಅಥವಾ ಪ್ರವಾಸಿ ಪರ್ಮಿಟ್ ಬೇಕು. ಎಫ್‌ಸಿ ಹಾಗಲ್ಲ, ಅದು ಇಡೀ ಭಾರತಕ್ಕೆ ಸಲ್ಲುತ್ತದೆ. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳಾದವು. ನಂಬರ್ ಪ್ಲೇಟು ಎಪಿಯಿಂದ ಟಿಎಸ್‌ಗೆ, 2024ರಿಂದ ಟಿಜಿಗೆ ಬದಲಾಯಿತು. ಎಫ್‌ಸಿಯ ಹೊಣೆ ಮಾತ್ರ ಬದಲಾಗಲಿಲ್ಲ.

ಪರ್ಮಿಟ್ ಇಲ್ಲದ ವಾಹನದ ಅಪಘಾತದಲ್ಲಿ ವಿಮಾ ಕಂಪನಿ ಸಂತ್ರಸ್ತರಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಎಫ್‌ಸಿ ರದ್ದಾದರೆ ಪರ್ಮಿಟ್ಟೂ ಅಮಾನತಾಗುವುದರಿಂದ, ಅವಧಿಗೆ ಮುಂಚೆ ತಪಾಸಣೆ ಮಾಡಿಸುವುದು ಪ್ರಯಾಣಿಕನ ಜೀವವನ್ನೂ ಚಾಲಕನ ಸಂಸಾರವನ್ನೂ ಕಾಯುವ ಕೆಲಸ. ತಪಾಸಣಾ ಕೇಂದ್ರ ಹಳ್ಳಿಗಳಿಗೆ ಹತ್ತಿರವಿರುವಂತೆ, ಸೂಚನೆ ಚಾಲಕನಿಗೆ ತಿಳಿಯುವ ಭಾಷೆಯಲ್ಲಿರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ.