ಆಪ್ಟಿಕಲ್ ಡಿಸ್ಕ್ ಡ್ರೈವ್ ವೈಫಲ್ಯ

ಆಪ್ಟಿಕಲ್ ಡಿಸ್ಕ್ ಡ್ರೈವ್ ವೈಫಲ್ಯ ಎಂದರೆ ಗಣಕಯಂತ್ರದಲ್ಲಿ ಸಿ.ಡಿ., ಡಿ.ವಿ.ಡಿ. ಅಥವಾ ಬ್ಲೂ-ರೇ ಡಿಸ್ಕ್‌ಗಳನ್ನು ಓದುವ ಮತ್ತು ಬರೆಯುವ ಸಾಧನವು ತನ್ನ ಕೆಲಸವನ್ನು ಭಾಗಶಃ ಅಥವಾ ಪೂರ್ಣವಾಗಿ ಮಾಡಲಾಗದ ಸ್ಥಿತಿ. ಡ್ರೈವ್ ಹಲವು ವೇಳೆ ಒಮ್ಮೆಲೇ ನಿಲ್ಲದೆ ಹಂತಹಂತವಾಗಿ ದುರ್ಬಲಗೊಳ್ಳುತ್ತದೆ. ಆದ್ದರಿಂದ ದೋಷವು ಡ್ರೈವ್‌ನಲ್ಲಿದೆಯೋ, ಡಿಸ್ಕ್‌ನಲ್ಲಿದೆಯೋ ಅಥವಾ ತಂತ್ರಾಂಶದಲ್ಲಿದೆಯೋ ಎಂಬುದನ್ನು ಪ್ರತ್ಯೇಕಿಸುವುದು ಮುಖ್ಯವಾಗುತ್ತದೆ. ಕೆಟ್ಟ ಡ್ರೈವನ್ನು ಬದಲಾಯಿಸಬಹುದು. ಆದರೆ ಮನೆಯ ಛಾಯಾಚಿತ್ರಗಳು ಅಥವಾ ಮದುವೆಯ ವಿಡಿಯೊ ಒಂದೇ ಡಿಸ್ಕ್‌ನಲ್ಲಿದ್ದು ಆ ಡಿಸ್ಕ್ ಹಾಳಾದರೆ ಅವು ಮರಳಿ ದೊರೆಯುವುದಿಲ್ಲ.

ಕಾರ್ಯವಿಧಾನ

ಡ್ರೈವ್‌ನ ಮೋಟಾರು ಡಿಸ್ಕನ್ನು ತಿರುಗಿಸುತ್ತದೆ. ಲೇಸರ್ ಡಯೋಡ್, ಮಸೂರ ಮತ್ತು ಬೆಳಕಿನ ಸಂವೇದಕಗಳನ್ನು ಒಳಗೊಂಡ ಪಿಕಪ್ ಘಟಕವು ಸುರುಳಿಯಾಕಾರದ ಪಥದಿಂದ ಪ್ರತಿಫಲಿಸಿದ ಬೆಳಕನ್ನು ಗ್ರಹಿಸುತ್ತದೆ. ಸಿ.ಡಿ.ಯ ಓದಿಗೆ 780 ನ್ಯಾನೋಮೀಟರ್, ಡಿ.ವಿ.ಡಿ.ಗೆ 650 ನ್ಯಾನೋಮೀಟರ್ ಮತ್ತು ಬ್ಲೂ-ರೇಗೆ 405 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬಳಕೆಯಾಗುತ್ತದೆ. ಸಿ.ಡಿ.ಯಲ್ಲಿ ಪಥದ ಸುತ್ತುಗಳ ನಡುವಿನ ಅಂತರ 1.6 ಮೈಕ್ರೋಮೀಟರ್ ಇದ್ದರೆ ಡಿ.ವಿ.ಡಿ.ಯಲ್ಲಿ ಅದು 0.74 ಮೈಕ್ರೋಮೀಟರ್ ಮಾತ್ರ. ಹೀಗಾಗಿ ಮಸೂರದ ಮೇಲಿನ ಅಲ್ಪ ಧೂಳೂ ಓದಿಗೆ ಅಡ್ಡಿಯಾಗಬಲ್ಲದು.

ಲಕ್ಷಣಗಳು ಮತ್ತು ಕಾರಣಗಳು

* ಸಿ.ಡಿ.ಗಳನ್ನು ಓದಿ ಡಿ.ವಿ.ಡಿ.ಗಳನ್ನು ಓದದಿರುವುದು ಅಥವಾ ಇದಕ್ಕೆ ವಿರುದ್ಧವಾದ ಸ್ಥಿತಿ: ಎರಡಕ್ಕೂ ಬೇರೆ ಬೇರೆ ಲೇಸರ್ ಇರುವುದರಿಂದ, ಒಂದು ಲೇಸರ್ ದುರ್ಬಲವಾದರೂ ಇನ್ನೊಂದು ಸರಿಯಾಗಿರಬಹುದು.
* ಅಚ್ಚಾದ ಡಿಸ್ಕ್‌ಗಳನ್ನು ಓದಿ ಮನೆಯಲ್ಲಿ ಬರೆದವುಗಳನ್ನು ಓದದಿರುವುದು: ಪುನಃ ಬರೆಯಬಲ್ಲ ಡಿಸ್ಕ್‌ಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಲೇಸರ್ ಕ್ಷೀಣಿಸುವಾಗ ಮೊದಲು ಅವುಗಳಲ್ಲಿ ತೊಂದರೆ ಕಾಣಬಹುದು.
* ಟ್ರೇ ತೆರೆಯದಿರುವುದು: ಸಡಿಲವಾದ ರಬ್ಬರ್ ಬೆಲ್ಟ್ ಅಥವಾ ಸವೆದ ಗಿಯರ್ ಇದರ ಸಾಮಾನ್ಯ ಕಾರಣ.
* ಡಿಸ್ಕ್ ತಿರುಗದಿರುವುದು ಅಥವಾ ಸಾಧನವೇ ಪತ್ತೆಯಾಗದಿರುವುದು: ಮೋಟಾರು, ವಿದ್ಯುತ್ ಸಂಪರ್ಕ ಅಥವಾ ಕೇಬಲ್‌ನ ದೋಷ.

ದೋಷದ ಪತ್ತೆ

ಮೊದಲು ಬೇರೆ ಡಿಸ್ಕ್‌ಗಳನ್ನು ಅದೇ ಡ್ರೈವ್‌ನಲ್ಲಿಯೂ, ತೊಂದರೆ ಕೊಟ್ಟ ಡಿಸ್ಕನ್ನು ಬೇರೊಂದು ಡ್ರೈವ್‌ನಲ್ಲಿಯೂ ಪರೀಕ್ಷಿಸಬೇಕು. ಒಂದು ಡಿಸ್ಕ್ ಮಾತ್ರ ಎಲ್ಲೆಡೆ ವಿಫಲವಾದರೆ ದೋಷ ಡಿಸ್ಕ್‌ನದು. ಗಣಕಯಂತ್ರ ಆರಂಭವಾಗುವಾಗ ಬಯೋಸ್ ಪಟ್ಟಿಯಲ್ಲಿ ಡ್ರೈವ್ ಕಾಣಿಸದಿದ್ದರೆ ಕೇಬಲ್ ಹಾಗೂ ವಿದ್ಯುತ್ ಸಂಪರ್ಕವನ್ನು ನೋಡಬೇಕು. ಅಲ್ಲಿ ಕಾಣಿಸಿಕೊಂಡು ವಿಂಡೋಸ್‌ನಲ್ಲಿ ಮಾತ್ರ ಮರೆಯಾದರೆ ತಂತ್ರಾಂಶವನ್ನು ಶಂಕಿಸಬೇಕು. ಡಿಸ್ಕ್ ಬರೆಯುವ ತಂತ್ರಾಂಶವನ್ನು ತೆಗೆದುಹಾಕಿದಾಗ ರಿಜಿಸ್ಟ್ರಿಯಲ್ಲಿ ಉಳಿಯುವ ಅಪ್ಪರ್‌ಫಿಲ್ಟರ್ಸ್ ಮತ್ತು ಲೋಯರ್‌ಫಿಲ್ಟರ್ಸ್ ನಮೂದುಗಳು ಇದಕ್ಕೆ ಕಾರಣವಾಗಬಹುದು.

ವಲಯ ಸಂಕೇತದ ತೊಡಕನ್ನೂ ಹಲವರು ಡ್ರೈವ್‌ನ ವೈಫಲ್ಯವೆಂದು ತಪ್ಪು ತಿಳಿಯುತ್ತಾರೆ. ಚಲನಚಿತ್ರ ಡಿ.ವಿ.ಡಿ.ಗಳ ವಿತರಣೆಯಲ್ಲಿ ಭಾರತವು 5ನೆಯ ವಲಯದಲ್ಲಿದ್ದು, ಅಮೆರಿಕವು 1ನೆಯ ವಲಯದಲ್ಲಿದೆ. ಆದ್ದರಿಂದ ಅಮೆರಿಕದಿಂದ ತಂದ ಡಿ.ವಿ.ಡಿ. ಇಲ್ಲಿನ ಡ್ರೈವ್‌ನಲ್ಲಿ ಚಾಲನೆಯಾಗದಿರಬಹುದು. ಸಾಮಾನ್ಯವಾಗಿ ಬಳಕೆದಾರನು ಡ್ರೈವ್‌ನ ವಲಯವನ್ನು 5 ಬಾರಿ ಮಾತ್ರ ಬದಲಾಯಿಸಬಹುದು; ಆನಂತರ ಅದು ಕೊನೆಯ ಆಯ್ಕೆಯಲ್ಲೇ ಸ್ಥಿರವಾಗುತ್ತದೆ.

ದುರಸ್ತಿ

ಟ್ರೇ ಸಿಲುಕಿದ್ದರೆ ಗಣಕಯಂತ್ರದ ವಿದ್ಯುತ್ ನಿಲ್ಲಿಸಿ, ಮುಂಭಾಗದ ಸಣ್ಣ ರಂಧ್ರದೊಳಗೆ ನೇರಗೊಳಿಸಿದ ಪೇಪರ್ ಕ್ಲಿಪ್ಪನ್ನು ಮೃದುವಾಗಿ ಒತ್ತಿ ಅದನ್ನು ಹೊರತೆಗೆಯಬಹುದು. ಮಸೂರದ ಮೇಲಿನ ಧೂಳನ್ನು ಗಾಳಿಯೂದುವ ಬಲೂನಿನಿಂದ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿದ ಹತ್ತಿಕಡ್ಡಿಯಿಂದ ಹಗುರವಾಗಿ ತೆಗೆಯಲಾಗುತ್ತದೆ. ಮಸೂರವು ಸೂಕ್ಷ್ಮ ತಂತಿಗಳ ಮೇಲೆ ತೂಗುತ್ತಿರುವುದರಿಂದ ಅದನ್ನು ಒತ್ತಬಾರದು. ಮೇಲ್ಕವಚ ತೆಗೆದ ಸ್ಥಿತಿಯಲ್ಲಿ ಡ್ರೈವನ್ನು ಎಂದಿಗೂ ಚಾಲೂ ಮಾಡಬಾರದು. ವಿಶೇಷವಾಗಿ ಬರೆಯುವ ಡ್ರೈವ್‌ಗಳ ಲೇಸರ್ ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು.

ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ವೃತ್ತಾಕಾರವಾಗಿ ಒರೆಸಬಾರದು. ಪಥದ ಉದ್ದಕ್ಕೂ ಬೀಳುವ ಗೀರು ಅನುಕ್ರಮವಾದ ದತ್ತಾಂಶವನ್ನು ಮರೆಮಾಡುವುದರಿಂದ, ಚದುರಿದ ದೋಷಗಳನ್ನು ಸರಿಪಡಿಸಬಲ್ಲ ರೀಡ್–ಸೊಲೊಮನ್ ಸಂಕೇತಕ್ಕೂ ಅದು ಮೀರುತ್ತದೆ. ಸಿ.ಡಿ.ಯ ಪ್ರತಿಫಲಕ ಪದರವು ಹೆಸರು ಬರೆಯುವ ಬದಿಯ ಕೆಳಗೇ ಇರುವುದರಿಂದ ಆ ಬದಿಯ ಗೀರು ಹೆಚ್ಚು ಹಾನಿಕರ. ಬಿರುಕು ಬಿಟ್ಟ ಡಿಸ್ಕ್ ಅತಿವೇಗದ ತಿರುಗುವಿಕೆಯಲ್ಲಿ ಒಡೆದು ಚೂರಾಗಬಹುದಾದ್ದರಿಂದ ಅದನ್ನು ಡ್ರೈವ್‌ಗೆ ಹಾಕಬಾರದು.

ದತ್ತಾಂಶದ ರಕ್ಷಣೆ

ಡ್ರೈವ್ ತಡವರಿಸತೊಡಗಿದಾಗ ಅದರಲ್ಲಿ ಹೊಸ ಡಿಸ್ಕ್‌ಗಳನ್ನು ಬರೆಯುವುದನ್ನು ನಿಲ್ಲಿಸುವುದು ಸೂಕ್ತ. ಅದರಲ್ಲಿ ಬರೆದ ಡಿಸ್ಕ್ ಇತರ ಡ್ರೈವ್‌ಗಳಲ್ಲಿ ಓದಲಾಗದಂತಿರಬಹುದು. ಬೇರೆ ಪ್ರತಿಯಿಲ್ಲದ ಡಿಸ್ಕ್‌ಗಳನ್ನು ಮೊದಲು ಹಾರ್ಡ್ ಡಿಸ್ಕ್‌ಗೆ ನಕಲಿಸಿ, ನಕಲಿಸಿದ ಕಡತಗಳನ್ನು ತೆರೆದು ಪರೀಕ್ಷಿಸಬೇಕು. ಸಾಮಾನ್ಯ ನಕಲು ಅರ್ಧದಲ್ಲಿ ನಿಂತರೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶವನ್ನು ಬಳಸಬಹುದು. ಇದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಉಳಿಸಿಕೊಂಡು, ಕಷ್ಟದ ಭಾಗಗಳನ್ನು ಅನಂತರ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಓದಲಾಗಿದೆ ಎಂಬ ದಾಖಲೆಯನ್ನು ಇದು ಪ್ರತ್ಯೇಕ ಕಡತದಲ್ಲಿ ಇಡುವುದರಿಂದ, ಉಳಿದ ಭಾಗವನ್ನು ಬೇರೊಂದು ಡ್ರೈವ್‌ನಲ್ಲಿ ಮುಂದುವರಿಸಲೂ ಸಾಧ್ಯ.

ಬದಲಾವಣೆ

ಲೇಸರ್ ಕ್ಷೀಣಿಸಿದ್ದರೆ ಪಿಕಪ್ ಘಟಕದ ದುರಸ್ತಿಗಿಂತ ಡ್ರೈವನ್ನೇ ಬದಲಾಯಿಸುವುದು ರೂಢಿ. ಹಳೆಯ ಗಣಕಯಂತ್ರಗಳಲ್ಲಿ ಅಗಲವಾದ ಪಟ್ಟಿಯಂತಹ ಐಡಿಇ ಕೇಬಲ್ ಇದ್ದರೆ, ಅನಂತರದವುಗಳಲ್ಲಿ ಕಿರಿದಾದ ಸಾಟಾ ಕೇಬಲ್ ಇರುತ್ತದೆ. ಹೊಸ ಡ್ರೈವ್ ಇದಕ್ಕೆ ಹೊಂದಬೇಕು. ಯುಎಸ್‌ಬಿ ಮೂಲಕ ಜೋಡಿಸುವ ಬಾಹ್ಯ ಡ್ರೈವ್‌ಗಳನ್ನು ಒಳಗಿನ ಡ್ರೈವ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿಯೂ ಬಳಸಬಹುದು.