ನಿರ್ಧಾರದ ಎತ್ತರ (ವಿಮಾನಯಾನ)

ನಿರ್ಧಾರದ ಎತ್ತರ ಅಥವಾ ಡಿಸಿಷನ್ ಹೈಟ್ ಎಂಬುದು, ಉಪಕರಣಗಳ ಮಾರ್ಗದರ್ಶನದಲ್ಲಿ ಇಳಿಯುತ್ತಿರುವ ವಿಮಾನದ ಪೈಲಟ್ ಇಳಿಯಬೇಕೇ, ಮರಳಿ ಮೇಲೇರಬೇಕೇ ಎಂದು ತೀರ್ಮಾನಿಸಲೇಬೇಕಾದ ಎತ್ತರವಾಗಿದೆ. ಅಷ್ಟರೊಳಗೆ ರನ್‌ವೇ ಅಥವಾ ಅದರ ದೀಪಗಳು ಕಾಣದಿದ್ದರೆ ಕೂಡಲೇ ಮೇಲೇರತಕ್ಕದ್ದು. ಮೊದಲ ವರ್ಗದ ಐಎಲ್‌ಎಸ್ ಇಳಿಕೆಯಲ್ಲಿ ಇದು 200 ಅಡಿಗಿಂತ ಕಡಿಮೆ ಇರುವಂತಿಲ್ಲ. ಎರಡನೆಯ ವರ್ಗದಲ್ಲಿ 100 ಅಡಿಯವರೆಗೆ ಇಳಿಯಬಹುದು.

ಈ ಎತ್ತರವನ್ನು ರನ್‌ವೇಯ ಆರಂಭದ ಅಂಚಿನ ಮಟ್ಟದಿಂದ ಎಣಿಸಲಾಗುತ್ತದೆ. ಅದನ್ನೇ ಸಮುದ್ರಮಟ್ಟದಿಂದ ಎಣಿಸಿದರೆ ಡಿಸಿಷನ್ ಆಲ್ಟಿಟ್ಯೂಡ್. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ, ಅಲ್ಲಿ 200 ಅಡಿಯ ಮಿತಿಯು ವಾಯುಭಾರ ಆಲ್ಟಿಮೀಟರಿನಲ್ಲಿ ಸುಮಾರು 3,200 ಎಂದು ಕಾಣುತ್ತದೆ.

ಇಳಿಜಾರಿನ ಸಂಕೇತವಿಲ್ಲದ ಇಳಿಕೆಗಳಿಗೆ ಕನಿಷ್ಠ ಇಳಿಕೆ ಎತ್ತರ ಅನ್ವಯಿಸುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ ತಪ್ಪು. ನಿರ್ಧಾರದ ಎತ್ತರದಲ್ಲಿ ಮೇಲೇರಲು ತೊಡಗಿದ ವಿಮಾನ ಕ್ಷಣಕಾಲ ಇನ್ನಷ್ಟು ಕುಸಿಯುವುದನ್ನು ಲೆಕ್ಕಕ್ಕೆ ಹಿಡಿಯಲಾಗಿರುತ್ತದೆ. ಕನಿಷ್ಠ ಇಳಿಕೆ ಎತ್ತರಕ್ಕೆ ಆ ರಿಯಾಯಿತಿ ಇಲ್ಲ.

ರೇಡಿಯೋ ಆಲ್ಟಿಮೀಟರ್ ತೋರಿಸುವುದು ವಿಮಾನದ ನೇರ ಕೆಳಗಿನ ನೆಲದಿಂದಿರುವ ಎತ್ತರವನ್ನು ಮಾತ್ರ. 2010ರ ಏಪ್ರಿಲ್ 10ರಂದು ಪೋಲೆಂಡ್ ಅಧ್ಯಕ್ಷ ಲೆಖ್ ಕಚಿನ್ಸ್ಕಿ ಅವರಿದ್ದ ಟುಪೊಲೆವ್ ಟು-154 ವಿಮಾನ ರಷ್ಯಾದ ಸ್ಮೊಲೆನ್ಸ್ಕ್‌ನಲ್ಲಿ ದಟ್ಟ ಮಂಜಿನ ನಡುವೆ ಅಪಘಾತಕ್ಕೀಡಾಗಿ, ಅದರಲ್ಲಿದ್ದ 96 ಮಂದಿಯೂ ಮೃತಪಟ್ಟರು. ಅಲ್ಲಿ ಇಳಿಕೆಯ ಮಿತಿ 100 ಮೀಟರ್ ಆಗಿತ್ತು. ತನಿಖಾ ವರದಿಗಳ ಪ್ರಕಾರ ನ್ಯಾವಿಗೇಟರ್ ಓದಿ ಹೇಳುತ್ತಿದ್ದುದು ರೇಡಿಯೋ ಆಲ್ಟಿಮೀಟರಿನ ಅಂಕಿಗಳನ್ನು. ರನ್‌ವೇಗೆ ಮುನ್ನ ಕಣಿವೆಯಿದ್ದ ಕಾರಣ, ಆತ 100 ಮೀಟರ್ ಎಂದಾಗ ವಿಮಾನ ರನ್‌ವೇ ಮಟ್ಟದಿಂದ ಅಷ್ಟು ಎತ್ತರದಲ್ಲಿರಲಿಲ್ಲ.