ಗಮನ ಕೊರತೆ: ದೊಡ್ಡವರಲ್ಲಿ ಅದನ್ನು ಗುರುತಿಸಿದ ಕಥೆ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಇದ್ದ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ತಾತ್ಕಾಲಿಕ ನೇಮಕದ ಸಹಾಯಕರೊಬ್ಬರಿದ್ದರು. ಸಂಡೂರು ತಾಲ್ಲೂಕಿನ ಚೋರನೂರಿನವರು. ಕೆಟ್ಟುಹೋದ ರೋಹಿತಮಾಪಕ, ಸುಟ್ಟ ಪವರ್ ಸಪ್ಲೈ, ಮುಳ್ಳು ಸಿಕ್ಕಿಕೊಂಡ ಗ್ಯಾಲ್ವನೋಮೀಟರ್ ಯಾವುದನ್ನು ಕೊಟ್ಟರೂ ಊಟ ಮರೆತು ಕೂತು ಸರಿಮಾಡುತ್ತಿದ್ದರು. ಆದರೆ ಸ್ಟಾಕ್ ರಿಜಿಸ್ಟರ್ ಮಾತ್ರ ತಿಂಗಳುಗಟ್ಟಲೆ ಖಾಲಿ. ಕೇಳಿದರೆ "ನಾಳೆ ಬರ್ದು ಮುಗಿಸಿಬಿಡ್ತೀನ್ರಿ ಸರ್" ಎನ್ನುವರು, ಹಾಗೆ ಹೇಳುವಾಗ ಮನಸ್ಸಿನಿಂದಲೇ ಹೇಳುವರು. ಪ್ರಾಯೋಗಿಕ ಪರೀಕ್ಷೆಯ ದಿನ ಬೀರುವಿನ ಬೀಗದ ಕೈ ಎಲ್ಲೋ ಇಟ್ಟು ಮರೆತದ್ದೂ ಉಂಟು. ಎರಡು ಮೆಮೊ, ಒಂದು ಕಾರಣ ಕೇಳುವ ನೋಟಿಸ್ ಆದಮೇಲೆ ಆಡಿಟ್ ಬಂದ ವರ್ಷ ಅವರ ನೇಮಕ ಮುಂದುವರಿಯಲಿಲ್ಲ. 'ಕರ್ತವ್ಯದಲ್ಲಿ ನಿರ್ಲಕ್ಷ್ಯ' ಎಂಬ ಟಿಪ್ಪಣಿಗೆ ಸಹಿ ಮಾಡಿದ ಇಬ್ಬರಲ್ಲಿ ನಾನೂ ಒಬ್ಬ.

ಆ ಪದವನ್ನು ಈಗ ಬಿಡಿಸಿ ನೋಡುತ್ತೇನೆ. ನಿರ್ಲಕ್ಷ್ಯ ಎಂದರೆ ಲಕ್ಷ್ಯ ಇಲ್ಲದಿರುವುದು, ಅಷ್ಟೆ. ಆದರೆ ಕಚೇರಿಯ ಕನ್ನಡದಲ್ಲಿ ಅದು ಸ್ಥಿತಿಯ ವರ್ಣನೆಯಲ್ಲ, ಆರೋಪ. ಲಕ್ಷ್ಯ ನಿಲ್ಲದಿರುವುದು ಬೇರೆ, ಬೇಕೆಂದೇ ಅಲಕ್ಷಿಸುವುದು ಬೇರೆ ಎಂಬ ತಿಳಿವಳಿಕೆ ವೈದ್ಯವಿಜ್ಞಾನಕ್ಕೂ ಬಹಳ ತಡವಾಗಿ ಬಂತು. ದೊಡ್ಡವರ ವಿಷಯದಲ್ಲಂತೂ ಇನ್ನೂ ತಡ.

ಗ್ರೀನಿಚ್‌ನ ಸಹಾಯಕ

ಭೌತವಿಜ್ಞಾನದವನಾದ ನನಗೆ ಈ ಚರಿತ್ರೆಯ ಹೊಸ್ತಿಲಲ್ಲಿ ನೆನಪಾಗುವುದು ಇನ್ನೊಬ್ಬ ಸಹಾಯಕ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ನೆವಿಲ್ ಮಾಸ್ಕೆಲೈನ್ ಮುಖ್ಯ ಖಗೋಳಜ್ಞ, ಡೇವಿಡ್ ಕಿನ್ನೆಬ್ರೂಕ್ ಅವನ ಸಹಾಯಕ. ನಕ್ಷತ್ರವೊಂದು ದೂರದರ್ಶಕದೊಳಗಿನ ತಂತಿಯನ್ನು ದಾಟುವ ಕ್ಷಣವನ್ನು ಗುರುತಿಸುವುದು ಕೆಲಸ. ಆಗ ವಿದ್ಯುತ್ ಗಡಿಯಾರಗಳಿಲ್ಲ. ಕಣ್ಣಿನಲ್ಲಿ ನಕ್ಷತ್ರವನ್ನು ನೋಡುತ್ತ, ಕಿವಿಯಲ್ಲಿ ಲೋಲಕ ಗಡಿಯಾರದ ಟಿಕ್ ಸದ್ದು ಎಣಿಸುತ್ತ, ತಂತಿಗೆ ಮುಂಚಿನ ಟಿಕ್‌ನಲ್ಲಿ ನಕ್ಷತ್ರ ಎಲ್ಲಿತ್ತು, ನಂತರದ ಟಿಕ್‌ನಲ್ಲಿ ಎಲ್ಲಿತ್ತು ಎಂದು ನೆನಪಿಟ್ಟು, ಸೆಕೆಂಡಿನ ಹತ್ತನೇ ಭಾಗದವರೆಗೆ ಅಂದಾಜು ಮಾಡಬೇಕು. ಲಕ್ಷ್ಯವನ್ನು ಎರಡು ಕಡೆ ಒಟ್ಟಿಗೆ ಇಡುವ ಕೆಲಸ.

1795ರಲ್ಲಿ ಕಿನ್ನೆಬ್ರೂಕ್‌ನ ಓದುಗಳು ಮಾಸ್ಕೆಲೈನ್‌ನವಕ್ಕಿಂತ ಅರ್ಧ ಸೆಕೆಂಡು ತಡವಾಗತೊಡಗಿದವು. ಎಚ್ಚರಿಸಿದ ಮೇಲೆ ಸರಿಹೋಗುವ ಬದಲು ವ್ಯತ್ಯಾಸ 0.8 ಸೆಕೆಂಡಿಗೆ ಏರಿತು. ಸಮಭಾಜಕ ವೃತ್ತದಲ್ಲಿ ಭೂಮಿ ಸೆಕೆಂಡಿಗೆ ಸುಮಾರು 465 ಮೀಟರ್ ತಿರುಗುತ್ತದೆ. ಅಂದರೆ 0.8 ಸೆಕೆಂಡಿನ ತಪ್ಪು ನೆಲದ ಮೇಲೆ 370 ಮೀಟರ್ ತಪ್ಪು. ಸಾಗರಯಾನಕ್ಕೆ ಕೋಷ್ಟಕ ಮಾಡುವ ವೀಕ್ಷಣಾಲಯಕ್ಕೆ ಇದು ಸಣ್ಣದಲ್ಲ. 1796ರಲ್ಲಿ ಕಿನ್ನೆಬ್ರೂಕ್ ಕೆಲಸ ಕಳೆದುಕೊಂಡ.

ಕಾಲು ಶತಮಾನದ ನಂತರ ಜರ್ಮನಿಯ ಬೆಸೆಲ್ ಈ ಪ್ರಸಂಗವನ್ನು ಓದಿ ಅನುಮಾನಪಟ್ಟ. ತನ್ನ ಓದುಗಳನ್ನು ಇತರ ನುರಿತ ಖಗೋಳಜ್ಞರ ಓದುಗಳೊಡನೆ ಹೋಲಿಸಿದಾಗ ಒಂದು ಸೆಕೆಂಡಿಗೂ ಮಿಕ್ಕಿ ವ್ಯತ್ಯಾಸ ಕಂಡಿತು. ಯಾರೂ ಅಲಕ್ಷ್ಯ ಮಾಡಿರಲಿಲ್ಲ. ಇದಕ್ಕೆ 'ವೈಯಕ್ತಿಕ ಸಮೀಕರಣ' ಎಂಬ ಹೆಸರು ಬಂತು. ಆಮೇಲೆ ಖಗೋಳಜ್ಞರು ಮಾಡಿದ್ದೇನು? ಸಹಾಯಕರನ್ನು ಬದಲಿಸುವುದನ್ನು ಬಿಟ್ಟು ಉಪಕರಣವನ್ನು ಬದಲಿಸಿದರು. 1850ರ ಆಸುಪಾಸಿಗೆ ಗುಂಡಿ ಒತ್ತಿದರೆ ಕಾಗದದ ಮೇಲೆ ಗುರುತು ಬೀಳುವ ವಿದ್ಯುತ್ ಕಾಲಲೇಖಕ ಬಳಕೆಗೆ ಬಂತು.

ಕಿನ್ನೆಬ್ರೂಕ್‌ಗೆ ಗಮನ ಕೊರತೆಯ ತೊಂದರೆ ಇತ್ತೆಂದು ನಾನು ಹೇಳುತ್ತಿಲ್ಲ. ಅವನದು ನಮ್ಮ ಪ್ರಯೋಗ ಪುಸ್ತಕದ ಭಾಷೆಯಲ್ಲಿ ವ್ಯವಸ್ಥಿತ ದೋಷ. ಒಂದೇ ದಿಕ್ಕಿನದು, ಬಹುಮಟ್ಟಿಗೆ ಒಂದೇ ಅಳತೆಯದು. ಸ್ಥಿರಾಂಕವೊಂದನ್ನು ಕಳೆದರೆ ತೀರಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಸರುಗಳ ಸಾಲು

ಕಿನ್ನೆಬ್ರೂಕ್ ಮನೆಗೆ ಹೋದ ಎರಡು ವರ್ಷಕ್ಕೆ, 1798ರಲ್ಲಿ, ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಮನೋವ್ಯಾಧಿಗಳ ಮೇಲೆ ಬರೆದ ಪುಸ್ತಕದಲ್ಲಿ ಒಂದು ಅಧ್ಯಾಯವನ್ನು ಪೂರ್ತಿ ಗಮನಕ್ಕೂ ಅದರ ರೋಗಗಳಿಗೂ ಮೀಸಲಿಟ್ಟ. ಬಾಗಿಲು ಮುಚ್ಚಿದ ಸದ್ದು, ಮೇಜು ಸರಿಸಿದ ಸದ್ದು, ಕೋಣೆಯಲ್ಲಿ ಯಾರೋ ಓಡಾಡಿದ್ದು ಇಷ್ಟಕ್ಕೇ ಕೆಲವರ ಗಮನ ಚೆದರುತ್ತದೆ, ಇದು ಹುಟ್ಟಿನಿಂದಲೂ ಬಂದಿರಬಹುದು ಎಂದು ಅವನು ಗುರುತಿಸಿದ. ಗಮನಿಸಬೇಕಾದ್ದೆಂದರೆ ಅವನು ಇದನ್ನು ಗುಣದೋಷ ಎನ್ನಲಿಲ್ಲ. ಆದರೆ ವಯಸ್ಸಿನೊಡನೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದೂ ಬರೆದ. ಆ ನಂಬಿಕೆ ಬಹುಕಾಲ ಉಳಿಯಿತು.

ನೂರು ವರ್ಷ ಕಳೆದು 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಮೂರು ಉಪನ್ಯಾಸ ಕೊಟ್ಟ. ಸೂಕ್ಷ್ಮ ವೀಕ್ಷಕ. ಆದರೂ ಅವನು ಆರಿಸಿದ ಹೆಸರು 'ನೈತಿಕ ನಿಯಂತ್ರಣದ ದೋಷ'. ಬುದ್ಧಿಯಿದ್ದೂ ನಿಯಂತ್ರಣವಿಲ್ಲದ ಮಕ್ಕಳಲ್ಲಿ ದೈಹಿಕ ಕಾರಣವಿರಬಹುದು ಎಂದು ವಾದಿಸುತ್ತಲೇ ಅದಕ್ಕೆ ನೀತಿಯ ಹಣೆಪಟ್ಟಿ ಅಂಟಿಸಿದ. ನಮ್ಮ 'ನಿರ್ಲಕ್ಷ್ಯ'ಕ್ಕೆ ಇದು ದೂರದ ನೆಂಟ.

ಔಷಧದ ಕಥೆ ಆಕಸ್ಮಿಕದ್ದು. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ ತನ್ನ ಆಸ್ಪತ್ರೆಯ ಮೂವತ್ತು ಮಕ್ಕಳಿಗೆ ಬೆನ್ಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದ. ಮೊದಮೊದಲು ಕೊಟ್ಟದ್ದು ಮೆದುಳಿನ ಎಕ್ಸ್-ರೇ ತೆಗೆದ ನಂತರ ಬರುತ್ತಿದ್ದ ತಲೆನೋವಿಗೆ. ತಲೆನೋವಿಗಿಂತ ಹೆಚ್ಚಾಗಿ ಶಾಲೆಯ ಪಾಠ ಸುಧಾರಿಸಿತು. ಮಕ್ಕಳೇ ಅದನ್ನು ಲೆಕ್ಕದ ಗುಳಿಗೆ ಎಂದು ಕರೆದರಂತೆ. ಉತ್ತೇಜಕ ಕೊಟ್ಟರೆ ಚಂಚಲ ಮಗು ಶಾಂತವಾಗುವುದು ವಿಚಿತ್ರವೆನಿಸಬಹುದು. ಮೆದುಳಿನ ಮುಂಭಾಗದಲ್ಲಿ ಡೋಪಮೀನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ನರವಾಹಕಗಳ ಸಂಕೇತ ಬಲಗೊಂಡಾಗ ಬೇಡದ ಪ್ರಚೋದನೆಗಳನ್ನು ತಡೆಯುವ ಶಕ್ತಿ ಹೆಚ್ಚುತ್ತದೆ ಎಂಬುದು ಇಂದಿನ ವಿವರಣೆ. 1944ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪ್ಯಾನಿಜಾನ್ ಮೀಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿ ರೀಟಾಳ ಹೆಸರಿನಿಂದ ಅದು ರಿಟಲಿನ್ ಆಯಿತು.

'ಕನಿಷ್ಠ ಮಿದುಳು ಹಾನಿ', ಆಮೇಲೆ 'ಕನಿಷ್ಠ ಮಿದುಳು ಅಪಕಾರ್ಯ', 1968ರಲ್ಲಿ 'ಬಾಲ್ಯದ ಅತಿಚಲನ ಪ್ರತಿಕ್ರಿಯೆ' ಹೀಗೆ ಹೆಸರುಗಳು ಬದಲಾದವು. 'ಬಾಲ್ಯ' ಮಾತ್ರ ಬದಲಾಗಲಿಲ್ಲ. ಓಡುವ, ಹತ್ತುವ, ಬೆಂಚು ಅಲುಗಾಡಿಸುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಬೆಳೆದಂತೆ ಓಟ ನಿಲ್ಲುತ್ತದೆ, ಒಳಗಿನ ಚಂಚಲತೆ ಅನೇಕರಲ್ಲಿ ನಿಲ್ಲುವುದಿಲ್ಲ. 1976ರಲ್ಲಿ ಯೂಟಾ ವಿಶ್ವವಿದ್ಯಾಲಯದ ವುಡ್, ರೈಮ್‌ಹರ್, ವೆಂಡರ್ ಮತ್ತು ಜಾನ್ಸನ್ ಹದಿನೈದು ವಯಸ್ಕರನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಹದಿನೈದು ಮಂದಿಯ ಪುಟ್ಟ ಅಧ್ಯಯನ, ಆದರೆ ಬಾಗಿಲು ತೆರೆದದ್ದು ಅದೇ. 1980ರ ಅಮೆರಿಕದ ರೋಗ ಕೈಪಿಡಿ ದೊಡ್ಡವರಿಗೆ 'ಉಳಿಕೆ ಬಗೆ' ಎಂಬ ಮೂಲೆಯೊಂದನ್ನು ಕೊಟ್ಟಿತು. ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಎಂಬ ಈಗಿನ ಹೆಸರು 1987ರದು. ಹದಿನೇಳು ದಾಟಿದವರಿಗೆ ಆರರ ಬದಲು ಐದು ಲಕ್ಷಣ ಸಾಕು, ಕೆಲವು ಲಕ್ಷಣಗಳು ಹನ್ನೆರಡರೊಳಗೆ ಕಾಣಿಸಿರಬೇಕು ಎಂಬ ಅಳತೆಗೋಲು 2013ರದು. ವಯಸ್ಕರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆಂಬುದು ಈಗಿನ ಅಂದಾಜು.

ಬಳ್ಳಾರಿಯ ಪಾಲು

ಇಷ್ಟೆಲ್ಲ ಆಗುತ್ತಿದ್ದಾಗ ನಮ್ಮ ಕಡೆ ಏನು ನಡೆಯುತ್ತಿತ್ತು? ಸಣ್ಣದೇನಲ್ಲ. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ನಡೆದ ಈ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ. 'ಬಳ್ಳಾರಿ ಮಾದರಿ' ಎಂದು ಹೆಸರಾದ ಇದರ ಆಧಾರದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಇತರ ಜಿಲ್ಲೆಗಳಿಗೆ ಹೋಯಿತು. ನಮ್ಮ ಜಿಲ್ಲೆಯವರು ಗಣಿಯ ವಿಷಯಕ್ಕಷ್ಟೇ ಸುದ್ದಿಯಲ್ಲಿರುತ್ತೇವೆ, ಇದನ್ನು ಹೇಳಿಕೊಳ್ಳುವುದೇ ಇಲ್ಲ.

ಆ ಕಾರ್ಯಕ್ರಮ ಆದ್ಯತೆ ಕೊಟ್ಟದ್ದು ತೀವ್ರ ಮನೋವ್ಯಾಧಿಗೆ, ಮೂರ್ಛೆರೋಗಕ್ಕೆ, ಆಗ ಬುದ್ಧಿಮಾಂದ್ಯ ಎಂದು ಕರೆಯುತ್ತಿದ್ದ ಸ್ಥಿತಿಗೆ. ಅದು ಸರಿಯೇ. ಸರಪಳಿ ಹಾಕಿಸಿಕೊಂಡು ಮೂಲೆಯಲ್ಲಿ ಕೂತವರು, ಬೆಂಕಿಗೆ ಬಿದ್ದು ಸುಟ್ಟುಕೊಂಡ ಮೂರ್ಛೆರೋಗಿಗಳು ಇದ್ದ ಕಾಲದಲ್ಲಿ ರಿಜಿಸ್ಟರ್ ಬರೆಯದ ಗುಮಾಸ್ತನ ಬಗ್ಗೆ ಯಾರು ಯೋಚಿಸಬೇಕು? ನಮ್ಮ ವೈದ್ಯರು ಬಳಸುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೇ ವರ್ಗೀಕರಣವೂ ಇದನ್ನು ಬಾಲ್ಯದ ಪಟ್ಟಿಯಲ್ಲೇ ಇರಿಸಿತ್ತು. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯದರಲ್ಲಿ ಇದು ನರವಿಕಾಸದ ತೊಂದರೆಗಳ ಸಾಲಿಗೆ ಬಂತು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಇದರ ಹೆಸರು ಇಲ್ಲ. ನೌಕರಿಯಲ್ಲಿರುವವನಿಗೆ ಇದು ಪುಸ್ತಕದ ಮಾತಲ್ಲ. ಕೇಳುವ ಸೌಲಭ್ಯವು ಮೇಲಧಿಕಾರಿಯ ಮನಸ್ಸಿನ ಮೇಲೆ ನಿಂತಿರುತ್ತದೆ.

ಸರಾಸರಿಯಲ್ಲ, ಚದುರುವಿಕೆ

ಈಗ ಕಿನ್ನೆಬ್ರೂಕ್‌ನ ಕಡೆಗೆ ತಿರುಗೋಣ. ಗಮನ ಕೊರತೆ ಇರುವವರಿಗೆ ಪರದೆಯ ಮೇಲೆ ಗುರುತು ಕಂಡೊಡನೆ ಗುಂಡಿ ಒತ್ತುವ ಪರೀಕ್ಷೆ ಕೊಟ್ಟಾಗ ಮತ್ತೆ ಮತ್ತೆ ಕಂಡುಬಂದ ಸಂಗತಿ ಒಂದಿದೆ. ಅವರ ಅನೇಕ ಪ್ರತಿಕ್ರಿಯೆಗಳು ಬೇರೆಯವರಷ್ಟೇ ಚುರುಕು. ನಡುನಡುವೆ ಕೆಲವು ಮಾತ್ರ ಬಹಳ ತಡ. ಅಂದರೆ ಎದ್ದು ಕಾಣುವುದು ಚದುರುವಿಕೆಯಲ್ಲಿನ ವ್ಯತ್ಯಾಸ; ನಮ್ಮ ಭಾಷೆಯಲ್ಲಿ, ಮಾನಕ ವಿಚಲನೆ ಹೆಚ್ಚು. ಇದು ವ್ಯವಸ್ಥಿತ ದೋಷವಲ್ಲ, ಯಾದೃಚ್ಛಿಕ ದೋಷಕ್ಕೆ ಹತ್ತಿರ. ಕಳೆಯಲು ಸ್ಥಿರಾಂಕವೇ ಇಲ್ಲ. "ನಿನ್ನೆ ಮಾಡಿದೆಯಲ್ಲ, ಇವತ್ತೇಕೆ ಆಗದು?" ಎಂಬ ಮೇಲಧಿಕಾರಿಯ ಪ್ರಶ್ನೆ ನ್ಯಾಯವಾಗಿ ಕಾಣುವುದು ಇದನ್ನು ತಿಳಿಯದಾಗ. ನಿನ್ನೆ ಆಗಿ ಇವತ್ತು ಆಗದಿರುವುದೇ ಇಲ್ಲಿನ ಲಕ್ಷಣ.

ಯಾದೃಚ್ಛಿಕ ದೋಷವನ್ನು ಗದರಿಕೆ ಕಡಿಮೆ ಮಾಡುವುದಿಲ್ಲ, ಏರ್ಪಾಡು ಕಡಿಮೆ ಮಾಡುತ್ತದೆ. ರಸೆಲ್ ಬಾರ್ಕ್ಲಿ ಎಂಬ ಅಮೆರಿಕದ ಮನೋವಿಜ್ಞಾನಿ ಹೇಳುತ್ತ ಬಂದಿರುವುದೂ ಇದನ್ನೇ. ಇವರಿಗೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ, ಗೊತ್ತಿರುವುದನ್ನು ಆ ಹೊತ್ತಿಗೆ ಆ ಜಾಗದಲ್ಲಿ ಮಾಡುವುದು ಕಷ್ಟ. ಆದ್ದರಿಂದ ನೆನಪನ್ನೂ ಸಮಯವನ್ನೂ ತಲೆಯ ಹೊರಗೆ, ಕೆಲಸ ನಡೆಯುವ ಜಾಗದಲ್ಲೇ ಇಡಬೇಕು. ರಿಜಿಸ್ಟರ್ ಕಚೇರಿಯ ಬೀರುವಿನಲ್ಲಿದ್ದರೆ ಬರೆಯುವುದಿಲ್ಲ, ಉಪಕರಣ ಕೊಡುವ ಕಿಟಕಿಯಲ್ಲೇ ಪೆನ್ನು ಕಟ್ಟಿ ಇಟ್ಟರೆ ಬರೆಯುತ್ತಾರೆ. 'ಮಾರ್ಚ್‌ಗೆ ಮುಗಿಸಿ' ಎಂಬ ಗಡುವು ಇವರಿಗೆ ಕಾಣಿಸುವುದೇ ಇಲ್ಲ, 'ಇಂದು ನಾಲ್ಕಕ್ಕೆ ಎರಡು ಪುಟ' ಕಾಣಿಸುತ್ತದೆ. ಬಾಯಿಮಾತಿನ ಆದೇಶವನ್ನು ಚೀಟಿಯಲ್ಲಿ ಬರೆದುಕೊಡುವುದು, ಎದುರಿಗೆ ಗಡಿಯಾರ ಇರುವುದು, ಬೇಸರದ ಕೆಲಸಕ್ಕೆ ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಕೆಲಸ ಮಾಡುತ್ತ ಕೂರುವುದು, ಇವಕ್ಕೆ ಖರ್ಚೇನೂ ಇಲ್ಲ. ನಮ್ಮ ಕಡೆಯ ಗಣಿಗಳಲ್ಲಿ ಸ್ಫೋಟಕ್ಕೆ ಮುಂಚೆ ಸೈರನ್ ಕೂಗಿಸುತ್ತಾರೆ, ಯಾರ ನೆನಪನ್ನೂ ನಂಬಿ ಕೂರುವುದಿಲ್ಲ. ಅದನ್ನು ಯಾರೂ ಕಾರ್ಮಿಕರ ಸೋಮಾರಿತನಕ್ಕೆ ಕೊಟ್ಟ ರಿಯಾಯಿತಿ ಎನ್ನುವುದಿಲ್ಲವಲ್ಲ.

ಇಂಥ ಏರ್ಪಾಡುಗಳನ್ನು ಕ್ರಮವಾಗಿ ಕಲಿಸುವ ಮನಶ್ಚಿಕಿತ್ಸೆಯೂ ಇದೆ. 2010ರಲ್ಲಿ ಬಾಸ್ಟನ್ನಿನ ಸ್ಟೀವನ್ ಸಾಫ್ರೆನ್ ತಂಡ, ಔಷಧ ತೆಗೆದುಕೊಳ್ಳುತ್ತಿದ್ದರೂ ಲಕ್ಷಣಗಳು ಉಳಿದಿದ್ದ 86 ವಯಸ್ಕರಲ್ಲಿ ಇದನ್ನು ಪರೀಕ್ಷಿಸಿ, ಬರಿಯ ವಿಶ್ರಾಂತಿ ತರಬೇತಿಗಿಂತ ಹೆಚ್ಚು ಫಲ ಕಂಡಿತು. ಔಷಧಗಳು, ಅಂದರೆ ಮೀಥೈಲ್‌ಫೆನಿಡೇಟ್, ಉತ್ತೇಜಕವಲ್ಲದ ಆಟಮೊಕ್ಸೆಟೀನ್, ನಮ್ಮಲ್ಲೂ ಸಿಗುತ್ತವೆ. ಆದರೆ ಮೊದಲನೆಯದು ಮಾದಕದ್ರವ್ಯ ಕಾಯಿದೆಯ ಹತೋಟಿಯಲ್ಲಿದೆ, ಮನೋವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದು. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಅದನ್ನು ಮೊದಲೇ ಹೇಳಬೇಕು.

ಇನ್ನೊಂದು ಎಚ್ಚರಿಕೆ ಶಿಕ್ಷಕ ಮಿತ್ರರಿಗೆ. ಇದನ್ನು ಓದಿ ಸಹೋದ್ಯೋಗಿಗಳಿಗೆಲ್ಲ ಹೆಸರಿಡಲು ಹೊರಡಬೇಡಿ. ನಿದ್ದೆಗೇಡು, ಥೈರಾಯಿಡ್, ಖಿನ್ನತೆ, ಆತಂಕ, ರಾತ್ರಿಯೆಲ್ಲ ಮೊಬೈಲು ಇವೆಲ್ಲವೂ ಗಮನವನ್ನು ಕೆಡಿಸುತ್ತವೆ. ನಲವತ್ತರಲ್ಲಿ ಹೊಸದಾಗಿ ಶುರುವಾದ ಮರೆವು ಇದಲ್ಲ. ಬಾಲ್ಯದಿಂದ ಬಂದಿರಬೇಕು, ಮನೆಯಲ್ಲೂ ಕೆಲಸದಲ್ಲೂ ಎರಡೂ ಕಡೆ ಕಾಡಿರಬೇಕು. ಅದನ್ನು ತೂಗಿ ನೋಡುವುದು ವೈದ್ಯರ ಕೆಲಸ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ನಮ್ಮ ಆ ಸಹಾಯಕರನ್ನು ಯಾವ ವೈದ್ಯರೂ ಪರೀಕ್ಷಿಸಿಲ್ಲ, ಆದ್ದರಿಂದ ಅವರಿಗೆ ಇಂಥದ್ದೇ ತೊಂದರೆ ಇತ್ತೆಂದು ನಾನು ಹೇಳಲಾರೆ. ಕಳೆದ ವರ್ಷ ಚೋರನೂರಿಗೆ ಹೋಗಿದ್ದಾಗ ಭೇಟಿಯಾದರು. ಪಂಪ್‌ಸೆಟ್ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಬಂದ ಪ್ರತಿ ಮೋಟಾರಿಗೂ ತಾಮ್ರದ ತಂತಿಯಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿತ್ತು, ಅದರ ಮೇಲೆ ರೈತರ ಹೆಸರು, ಕೊಡಬೇಕಾದ ದಿನ. ಮೋಟಾರು ಹೊರಗೆ ಹೋಗುವಾಗ ಚೀಟಿ ಹರಿದು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ, ಲೆಕ್ಕವನ್ನು ಅದರಿಂದ ಮಗಳು ಬರೆಯುತ್ತಾಳೆ. ಯಾರು ಹೇಳಿಕೊಟ್ಟರು ಎಂದು ಕೇಳಿದೆ. "ಯಾರೂ ಇಲ್ರಿ ಸರ್, ಎರಡು ಮೋಟಾರು ಅದಲು ಬದಲಾಗಿ ಜಗಳ ಆಯ್ತು, ಅವತ್ತಿಂದ ಮಾಡ್ಕೊಂಡೆ" ಎಂದರು. ಟಿಪ್ಪಣಿಗೆ ಸಹಿ ಮಾಡಿದವರಲ್ಲಿ ನಾನೂ ಇದ್ದೆ ಎಂದು ಆ ದಿನ ಅವರಿಗೆ ಹೇಳಿದೆ. ಅವರಿಗೆ ಅದು ಮೊದಲೇ ಗೊತ್ತಿತ್ತು. ಚಹಾ ತರಿಸಿದರು.